ಹಿತ್ತಿಲ ಜಗುಲಿಯ ಬಿ.ಕಾಂ.

ನಮ್ಮ ಮನೆಯಲ್ಲಿ ಓದುವುದಕ್ಕೆ ಹೇಳಿ ಮಾಡಿಸಿದ ಜಾಗವೆಂದರೆ ಹಿತ್ತಿಲ ಜಗುಲಿ. ಕೊಟ್ಟಿಗೆಯ ಗೋಡೆಗೆ ಆನಿಕೊಂಡ ಕಲ್ಲು ಜಗುಲಿ, ಮೇಲೆ ನಾಡಹೆಂಚಿನ ಇಳಿಜಾರು, ಎದುರಿಗೊಂದು ನುಗ್ಗೆ ಮರ, ಅದರಾಚೆ ಚುಂಚನಕಟ್ಟೆ ಕಡೆಯಿಂದ ಬರುವ ನಾಲೆಯ ಏರಿ. ಬೆಳಗಿನ ಬಿಸಿಲು ಒಂದಿಷ್ಟು ಹೊತ್ತು ಬಂದು ಹೋದರೆ ಆಮೇಲೆ ದಿನವಿಡೀ ತಣ್ಣಗಿರುತ್ತಿತ್ತು. ಒಂದೇ ತೊಂದರೆಯೆಂದರೆ ಅಲ್ಲಿ ಕೂರುವ ಹಕ್ಕು ಹೆಂಗಸರಿಗೆ ಮಾತ್ರ, ಅದೂ ತಿಂಗಳಿಗೆ ಮೂರು ದಿನ ಮಾತ್ರ. ಮುಟ್ಟಾದವರು ಅಡುಗೆಮನೆ, ದೇವರ ಗೂಡು, ಭತ್ತದ ಕೋಣೆ ಯಾವುದರ ಹೊಸಿಲನ್ನೂ ದಾಟುವಂತಿರಲಿಲ್ಲ. ಅವರ ಚಾಪೆ ಬೇರೆ, ಚೊಂಬು ಬೇರೆ, ತಟ್ಟೆ ಬೇರೆ. ಹೊತ್ತಿಗೆ ಸರಿಯಾಗಿ ಯಾರಾದರೂ ಮುದ್ದೆ ಸಾರು ತಂದು ಮುಂದಿಟ್ಟು ಹಿಂದೆ ಸರಿಯುತ್ತಿದ್ದರು. ನಾಲ್ಕನೆಯ ಬೆಳಿಗ್ಗೆ ತಲೆಗೆ ನೀರು ಹುಯ್ದುಕೊಂಡ ಮೇಲೆಯೇ ಒಳಗೆ. ಈ ಕಟ್ಟಳೆ ಒಳ್ಳೆಯದಿತ್ತು ಎಂದು ನಾನು ಬರೆದರೆ ನನ್ನ ವಿದ್ಯಾರ್ಥಿನಿಯರು ನನ್ನನ್ನು ಸುಮ್ಮನೆ ಬಿಡುವುದಿಲ್ಲ, ಬಿಡಲೂಬಾರದು. ಮಳೆಗಾಲದಲ್ಲಿ ಅಲ್ಲಿ ಗೋಣಿ ಹೊದ್ದು ನಡುಗಿದ್ದೇನೆ. ಮನೆಯ ಬೆಕ್ಕು ಒಲೆಯ ಬುಡದಲ್ಲಿ ಮಲಗಬಹುದು, ನಾನು ಮಲಗುವಂತಿಲ್ಲ ಎಂದು ಅತ್ತಿದ್ದೇನೆ. ಆದರೂ ಈ ವಯಸ್ಸಿನಲ್ಲಿ ಸುಮ್ಮನೆ ಕುಳಿತಾಗ ಮನಸ್ಸು ಹೋಗಿ ಕೂರುವುದು ಆ ಜಗುಲಿಯ ಮೇಲೆಯೇ. ಯಾಕೆಂದರೆ ಅಲ್ಲಿ ನನ್ನ ಪಕ್ಕದಲ್ಲಿ ಚಿಕ್ಕವ್ವ ಇದ್ದಳು.

ಚಿಕ್ಕವ್ವ ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ, ರತ್ನ. ಹೆಗ್ಗಡದೇವನಕೋಟೆಯ ಹುಡುಗಿ. ಮಿರ್ಲೆಯ ಹತ್ತಿರದ ನಮ್ಮೂರಿಗೆ ಸೊಸೆಯಾಗಿ ಬಂದಾಗ ಅವಳು ಆಗಷ್ಟೇ ಪಿಯುಸಿ ಮುಗಿಸಿದ್ದಳು. ನಾನೂ ಅದೇ ವರ್ಷ ಮುಗಿಸಿದ್ದೆ. ಸಂಬಂಧದಲ್ಲಿ ತಾಯಿಯ ಸಮಾನ, ವಯಸ್ಸಿನಲ್ಲಿ ಒಂದೇ ಬೆಂಚಿನವಳು. ಹೀಗಾಗಿ ಎದುರಿಗೆ ಚಿಕ್ಕವ್ವ ಎಂದು ಕರೆದರೂ ಜಗಳವಾಡುವುದರಲ್ಲಿ ನಾನು ಯಾವ ರಿಯಾಯಿತಿಯನ್ನೂ ತೋರಿಸುತ್ತಿರಲಿಲ್ಲ. ಮದುವೆಯ ಮಾತುಕತೆಯಲ್ಲಿ ಅವಳ ಅಪ್ಪ, ಮಗಳ ಓದನ್ನು ನಿಲ್ಲಿಸಬಾರದು ಎಂದು ಒಂದೇ ಒಂದು ಮಾತು ಕೇಳಿದ್ದರಂತೆ. ನಮ್ಮ ತಾತ ಎಲೆಯಡಿಕೆ ತಟ್ಟೆಯನ್ನು ಅವರ ಕಡೆಗೆ ತಳ್ಳುತ್ತಾ ಅಂದಿದ್ದರಂತೆ:

"ಮನೇಲಿ ಕುಂತು ಓದ್ಕಳ್ಳಿ. ಯಾರು ಬ್ಯಾಡ ಅಂದೋರು?"

ತಾತ ಕೊಟ್ಟ ಮಾತಿಗೆ ತಪ್ಪುವವರಲ್ಲ. ನಾನು ಕೆ.ಆರ್.ನಗರದ ಕಾಲೇಜಿಗೆ ಬಿ.ಕಾಂ. ಸೇರಿದ ವರ್ಷವೇ ಚಿಕ್ಕವ್ವನೂ ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣದಲ್ಲಿ ಅದೇ ಬಿ.ಕಾಂ.ಗೆ ಹೆಸರು ಬರೆಸಿದಳು. ಪಾಠಗಳು ಕಂದು ಲಕೋಟೆಯಲ್ಲಿ ಬರುತ್ತಿದ್ದವು. ಲೆಕ್ಕಶಾಸ್ತ್ರದ್ದೊಂದು ಕಟ್ಟು, ಅರ್ಥಶಾಸ್ತ್ರದ್ದೊಂದು ಕಟ್ಟು. ಮನೆಯಲ್ಲಿ ಕೂರುವುದಕ್ಕೆ ಜಾಗವೇನೋ ಬೇಕಾದಷ್ಟಿತ್ತು, ಹೊತ್ತು ಮಾತ್ರ ಇರಲಿಲ್ಲ. ಕೋಳಿ ಕೂಗುವ ಮುಂಚೆ ಕೊಟ್ಟಿಗೆ ಬಾಚುವುದು, ಹಾಲು ಕರೆಯುವುದು, ಗದ್ದೆಗೆ ಬುತ್ತಿ, ಮಧ್ಯಾಹ್ನ ಭತ್ತ ಹರವುವುದು, ಸಂಜೆ ಮತ್ತೆ ಒಲೆ. ನನ್ನ ಅವ್ವ ಹಿರಿಸೊಸೆ, ಒಲೆಯ ಮುಂದಿನ ಯಜಮಾನಿಕೆ ಅವಳದು. ಅದರ ಸುತ್ತಲಿನ ಓಡಾಟವೆಲ್ಲ ಕಿರಿಸೊಸೆಯದು. ನಾನು ಬಸ್ಸಿಳಿದು ಬಂದು ಅಂದಿನ ಪಾಠವನ್ನು ಅಡುಗೆಮನೆಯ ಬಾಗಿಲಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಿದ್ದೆ. ಚಿಕ್ಕವ್ವ ಅವರೆಕಾಯಿ ಸುಲಿಯುತ್ತಾ ಹೂಂ ಹೂಂ ಅನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹೂಂ ನಿಲ್ಲುತ್ತಿತ್ತು. ತಲೆಯೆತ್ತಿ ನೋಡಿದರೆ ಕೈಯಲ್ಲಿ ಕಾಯಿ ಹಿಡಿದುಕೊಂಡೇ ಗೋಡೆಗೊರಗಿ ನಿದ್ದೆ ಹೋಗಿರುತ್ತಿದ್ದಳು.

ಆ ಎರಡು ಶಾಸ್ತ್ರಗಳಲ್ಲಿ ನನಗೆ ಒಲಿದದ್ದು ಲೆಕ್ಕಶಾಸ್ತ್ರ. ಎಡಗಡೆ ಬಲಗಡೆ ಎರಡೂ ಕೊನೆಗೆ ಸಮವಾಗಿ ನಿಂತಾಗ ಮನೆ ಗುಡಿಸಿ ಮುಗಿಸಿದಷ್ಟು ನೆಮ್ಮದಿಯಾಗುತ್ತಿತ್ತು. ಚಿಕ್ಕವ್ವನಿಗೆ ಅದು ಬೇಸರ. ಅವಳಿಗೆ ಬೇಕಾದದ್ದು ಅರ್ಥಶಾಸ್ತ್ರ. ಬೆಲೆ ಇಳಿದರೆ ಬೇಡಿಕೆ ಏರುತ್ತದೆ ಎಂದು ನಾನು ಓದಿದರೆ "ಯಾಕೆ?" ಅನ್ನುತ್ತಿದ್ದಳು. ಪುಸ್ತಕದಲ್ಲಿದ್ದ ಕಾರಣಗಳನ್ನು ನಾನು ಒಪ್ಪಿಸಿದರೆ, "ಅದು ಪುಸ್ತಕ ಹೇಳಿದ್ದು ಕಣೇ. ನೀನೇನು ಹೇಳ್ತೀಯ, ಅದ ಹೇಳು," ಎನ್ನುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ಯಾಕೆಂದರೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ತುಷ್ಟಿಗುಣದ ಪಾಠ ಬಂದಾಗ, ಒಂದೇ ವಸ್ತುವನ್ನು ಮತ್ತೆ ಮತ್ತೆ ಪಡೆದಂತೆ ಅದರಿಂದ ಸಿಗುವ ತೃಪ್ತಿ ಇಳಿಯುತ್ತಾ ಹೋಗುತ್ತದೆ ಎಂಬ ನಿಯಮವನ್ನು ಅವಳು ಬಹಳ ಹೊತ್ತು ಯೋಚಿಸಿದಳು.

"ಮುದ್ದೆ ವಿಷಯದಲ್ಲಿ ಇದು ಸರಿ," ಅಂದಳು. "ಮೊದಲನೇದು ರುಚಿ, ಎರಡನೇದು ಪರವಾಗಿಲ್ಲ, ಮೂರನೇದು ನಿಮ್ಮವ್ವನ ಬಲವಂತ. ಆದ್ರೆ ನಿದ್ದೆಗೆ ಇದು ಒಪ್ಪಲ್ಲ ಬುಡು. ಇದ ಬರೆದೋನು ಯಾರ ಮನೇಗೂ ಸೊಸೆಯಾಗಿ ಹೋಗಿರಲಿಲ್ಲ."

ಲೆಕ್ಕಶಾಸ್ತ್ರದ ಸೂತ್ರಗಳನ್ನು ಮಾತ್ರ ಬಾಯಿಪಾಠ ಮಾಡದೆ ಗತಿಯಿರಲಿಲ್ಲ. ಮನೆಗೆ ಬಂದ ವಸ್ತುವನ್ನು ಖರ್ಚಿನ ಕಡೆ ಬರೆಯಬೇಕು, ಹೋದ ವಸ್ತುವನ್ನು ಜಮೆಯ ಕಡೆ. ಪಾತ್ರೆ ತಿಕ್ಕುತ್ತಾ ನಾವಿಬ್ಬರೂ "ಬಂದದ್ದು ಖರ್ಚು, ಹೋದದ್ದು ಜಮಾ" ಎಂದು ಸೋಬಾನೆಯ ಧಾಟಿಯಲ್ಲಿ ಹಾಡಿಕೊಳ್ಳುತ್ತಿದ್ದೆವು. ಕಂಬಕ್ಕೊರಗಿ ಎಲೆಯಡಿಕೆ ಕುಟ್ಟುತ್ತಿದ್ದ ಅಜ್ಜಿ ಒಂದು ದಿನ ಕುಟ್ಟಾಣಿ ನಿಲ್ಲಿಸಿ ಕೇಳಿಸಿಕೊಂಡರು.

"ಬಂದಿದ್ದ ಖರ್ಚು ಅಂತಾನಾ? ಓಗಿದ್ದ ಜಮಾ ಅಂತಾನಾ? ಅವನ ಮನೆ ಉದ್ಧಾರಾದಂಗೇ ಬುಡು," ಎಂದು ಮತ್ತೆ ಕುಟ್ಟತೊಡಗಿದರು.

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಮನೆಯ ಕಾನೂನೆಲ್ಲ ಅವರ ಬಾಯಲ್ಲೇ ಹುಟ್ಟುತ್ತಿತ್ತು. ಚಿಕ್ಕವ್ವ ಮೊದಲ ಸಲ ಹೊರಗಾದಾಗ ಪಾಠದ ಕಟ್ಟನ್ನು ಜಗುಲಿಗೆ ತರಿಸಿಕೊಂಡಿದ್ದಳು. ಅದನ್ನು ನೋಡಿ ತಾತ ರೇಗಿದರು. ಪುಸ್ತಕ ಸರಸ್ವತಿ, ಮೈಲಿಗೆಯಲ್ಲಿ ಮುಟ್ಟುವುದುಂಟೇ ಎಂದು ಅವರ ವಾದ. ಚಿಕ್ಕವ್ವ ಕಟ್ಟನ್ನು ತೊಡೆಯಿಂದ ಇಳಿಸಿ ಕೆಳಗಿಟ್ಟು ತಲೆ ತಗ್ಗಿಸಿದಳು. ಅಜ್ಜಿ ಒಳಗಿನಿಂದ ಬಂದು ಆ ಕಟ್ಟನ್ನೊಮ್ಮೆ, ತಾತನನ್ನೊಮ್ಮೆ ನೋಡಿದರು.

"ಇದು ಪ್ಯಾಟೆಲಿ ಅಚ್ಚಾಕಿರೋ ಕಾಗ್ದ. ದ್ಯಾವ್ರ ಗೂಡಲ್ಲಿ ಮಡಗಿದ್ರೆ ಸರಸ್ವತಿ. ಟಪಾಲಲ್ಲಿ ಬಂದ್ರೆ ಬರೀ ಕಾಗ್ದ. ಓದ್ಲಿ ಬುಡಿ."

ಅಲ್ಲಿಂದ ಮುಂದೆ ಆ ಮೂರು ದಿನಗಳು ಚಿಕ್ಕವ್ವನ ಕಾಲೇಜಾದವು. ಉಳಿದ ಹೆಂಗಸರು ಹೊರಗಾದರೆ ಮುಖ ಗಂಟಿಕ್ಕುತ್ತಿದ್ದರು. ಇವಳು ದಾರಿ ಕಾಯುತ್ತಿದ್ದಳು. ಬೆಳಿಗ್ಗೆ ಚಾಪೆ ಹಾಸಿಕೊಂಡು ಕೂತರೆ ಕತ್ತಲಾಗುವವರೆಗೆ ಯಾರೂ ಕರೆಯುವಂತಿಲ್ಲ, ಯಾವ ಕೆಲಸಕ್ಕೂ ಕೈ ಹಚ್ಚುವಂತಿಲ್ಲ, ಅನ್ನ ಕೂತಲ್ಲಿಗೇ ಬರುತ್ತದೆ. ನನ್ನ ದಿನಗಳೂ ಅವಳ ದಿನಗಳೂ ಒಮ್ಮೊಮ್ಮೆ ಒಟ್ಟಿಗೇ ಬೀಳುತ್ತಿದ್ದವು. ಆಗಿನ ಸುಖವನ್ನು ನಾನು ಯಾವ ವಿಶ್ವವಿದ್ಯಾನಿಲಯದಲ್ಲೂ ಮತ್ತೆ ಕಂಡಿಲ್ಲ. ನುಗ್ಗೆ ಹೂ ಪುಟದ ಮೇಲೆ ಉದುರುತ್ತಿತ್ತು. ನಾನು ಖಾತೆಯ ಲೆಕ್ಕ ಬಿಡಿಸಿ ತೋರಿಸಬೇಕು, ಅವಳು ಬೇಡಿಕೆಯ ರೇಖೆಯನ್ನು ಇದ್ದಿಲಿನಲ್ಲಿ ಜಗುಲಿಯ ಕಲ್ಲಿನ ಮೇಲೆ ಎಳೆದು ತೋರಿಸಬೇಕು. ಅವ್ವ ಬಸ್ಸಾರು ತಂದಿಟ್ಟು ಆ ಗೆರೆಗಳನ್ನು ನೋಡಿ, "ಇದೇನು ರಂಗೋಲೀನೋ ಮಾಟಾನೋ," ಎಂದು ಗೊಣಗಿ ಹೋಗುತ್ತಿದ್ದಳು. ಚಿಕ್ಕವ್ವ ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಜಗುಲಿಯ ಮೇಲೆ ಮಾತ್ರ ಹಿಡಿಯುತ್ತಿರಲಿಲ್ಲ.

ಎರಡನೆಯ ವರ್ಷದ ಪರೀಕ್ಷೆ ಹತ್ತಿರ ಬಂದಾಗ ಮೂರು ದಿನ ಸಾಲದಾಯಿತು. ಯಾರಿಗೆ ಮೊದಲು ಹೊಳೆಯಿತೋ ನೆನಪಿಲ್ಲ, ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು. ತಲೆಗೆ ನೀರು ಹುಯ್ದುಕೊಂಡು ಇನ್ನೂ ಎರಡು ವಾರ ಆಗಿರಲಿಲ್ಲ, ಚಿಕ್ಕವ್ವ ಒಂದು ಬೆಳಿಗ್ಗೆ ಹಾಲು ಕರೆಯುವ ತಂಬಿಗೆಯನ್ನು ಕೆಳಗಿಟ್ಟು ತಾನು ಹೊರಗಾದೆ ಅಂದಳು. ಅದೇ ಮಧ್ಯಾಹ್ನ ನಾನೂ ಹೊರಗಾದೆ ಅಂದೆ. ತಪ್ಪಾದದ್ದು ಅಲ್ಲೇ. ಒಬ್ಬಳೇ ಹೇಳಿದ್ದರೆ ನಡೆದುಹೋಗುತ್ತಿತ್ತೇನೋ. ಇಬ್ಬರೂ ಒಟ್ಟಿಗೆ ಜಗುಲಿ ಸೇರಿ ಅವ್ವನೊಬ್ಬಳನ್ನೇ ಒಲೆಯ ಮುಂದೆ ಬಿಟ್ಟಾಗ ಪಾತ್ರೆಗಳ ಸದ್ದು ಜೋರಾಯಿತು. ಸಂಜೆ ಅಜ್ಜಿ ಹಿತ್ತಿಲಿಗೆ ಬಂದು ನಮ್ಮೆದುರು ನಿಂತರು. ಬಾಯಲ್ಲಿ ಎಲೆಯಡಿಕೆ.

"ಮೊನ್ನೆ ಮೊನ್ನೆ ತಾನೆ ತಲೆ ತೊಳ್ಕಂಡೆ ನೀನು?" ಎಂದು ಚಿಕ್ಕವ್ವನನ್ನು ಕೇಳಿದರು.

ಮುಟ್ಟನ್ನು ಮುಚ್ಚಿಟ್ಟು ಒಳಗೆ ಓಡಾಡಿದ ಸೊಸೆಯಂದಿರ ಕಥೆ ಊರಲ್ಲಿತ್ತು. ಇಲ್ಲದ ಮುಟ್ಟನ್ನು ಇದೆಯೆಂದು ಹೇಳಿ ಹೊರಗೆ ಕೂತ ಸೊಸೆಯ ಕಥೆ ಯಾರೂ ಕೇಳಿರಲಿಲ್ಲ. ಇದಕ್ಕೆ ಯಾವ ಶಿಕ್ಷೆ ಎಂದು ನನಗೂ ಗೊತ್ತಿರಲಿಲ್ಲ. ಅಜ್ಜಿ ಮನೆಯ ಕಡೆಗೆ ತಿರುಗಿ, ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದರು:

"ಉಡುಗೀರಿಗೆ ಉಷ್ಣ ಜಾಸ್ತಿಯಾಗ್ಯದೆ. ನೀರುಮಜ್ಗೆ ಕೊಟ್ಕಳ್ಸು ದೊಡ್ಡೋಳೆ."

ಆಮೇಲೆ ಸೀರೆಯನ್ನು ಮಂಡಿಯವರೆಗೆ ಎತ್ತಿಕೊಂಡು ಜಗುಲಿಯಿಂದ ಒಂದು ಮಾರು ದೂರದಲ್ಲಿ ಕುಕ್ಕರುಗಾಲಲ್ಲಿ ಕುಳಿತರು. ದನಿ ತಗ್ಗಿಸಿದರು.

"ನಾನೂ ಮಾಡಿವ್ನಿ ಕಣಮ್ಮಿ. ನಿದ್ದೆ ಮಾಡಕ್ಕೆ."

ಅಷ್ಟೇ ಹೇಳಿ ಎದ್ದು ಹೋದರು. ಅಜ್ಜಿಯೂ ಒಂದು ಕಾಲಕ್ಕೆ ನಿದ್ದೆಗೆಟ್ಟ ಹುಡುಗಿಯಾಗಿದ್ದರು ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಚಿಕ್ಕವ್ವ ಮಜ್ಜಿಗೆ ಕುಡಿಯಲಿಲ್ಲ. ತೊಡೆಯ ಮೇಲಿನ ಪುಟವನ್ನು ಸುಮ್ಮನೆ ನೋಡುತ್ತಾ ಕೂತಿದ್ದಳು.

ಮೂರನೆಯ ವರ್ಷ ಚಿಕ್ಕವ್ವ ಬಸುರಿಯಾದಳು. ಮನೆಯಲ್ಲಿ ಒಬ್ಬಟ್ಟಾಯಿತು, ಚಿಕ್ಕಪ್ಪ ಕಾರಣವಿಲ್ಲದೆ ನಗುತ್ತಾ ಓಡಾಡಿದರು. ಚಿಕ್ಕವ್ವನಿಗೂ ಸಂತೋಷವಿತ್ತು, ಇಲ್ಲವೆಂದರೆ ಸುಳ್ಳು. ಆದರೆ ಒಂದು ಮಧ್ಯಾಹ್ನ ಹಿತ್ತಿಲಿಗೆ ಹೋದರೆ ಅವಳು ಹಿಂಡಿಯ ಬಕೆಟ್ಟನ್ನು ಪಕ್ಕದಲ್ಲಿಟ್ಟುಕೊಂಡು ಜಗುಲಿಯ ಅಂಚಿನಲ್ಲಿ ಕೂತು ಅಳುತ್ತಿದ್ದಳು.

"ಇನ್ನು ಹೊರಗಾಗೋ ಹಂಗೇ ಇಲ್ವಲ್ಲೇ ಸಾವಿತ್ರಿ," ಅಂದಳು. "ಯಾವಾಗ ಓದ್ಲಿ?"

ಓದುವುದು ಹಾಗಿರಲಿ, ಬರೆಯುವುದೇ ಅನುಮಾನವಾಯಿತು. ಪರೀಕ್ಷೆ ಮೈಸೂರಿನಲ್ಲಿ, ಆ ಹೊತ್ತಿಗೆ ಅವಳಿಗೆ ಎಂಟು ತಿಂಗಳು ತುಂಬಿರುತ್ತದೆ. ಬಯಕೆ ಶಾಸ್ತ್ರ ಮುಗಿಸಿ ಕೋಟೆಗೆ ತವರಿಗೆ ಕಳಿಸುವುದೆಂದು ಹಿರಿಯರು ಗೊತ್ತು ಮಾಡಿಬಿಟ್ಟಿದ್ದರು. ಚಿಕ್ಕಪ್ಪ ಪರೀಕ್ಷೆಯ ಮಾತೆತ್ತಿದಾಗ ತಾತ ಒಂದೇ ಸಲಕ್ಕೆ ಬೇಡವೆಂದರು. ತುಂಬಿದ ಬಸುರಿಯನ್ನು ಪರೀಕ್ಷೆಗೆಂದು ಅಲೆಸುವ ಮನೆ ಯಾವುದು ಎಂದು ಕೇಳಿದರು. ಮುಂದಿನ ವರ್ಷ ಬರೆಯಲಿ ಎಂದರು. ಮಗು ಹುಟ್ಟಿದ ಮೇಲೆ ಮುಂದಿನ ವರ್ಷ ಎಂಬುದು ಬರುವುದಿಲ್ಲವೆಂದು ಚಿಕ್ಕವ್ವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ಪಾಠದ ಕಟ್ಟುಗಳನ್ನು ಅಟ್ಟದ ಮೇಲಿಟ್ಟಳು.

ಬಯಕೆ ಶಾಸ್ತ್ರದ ದಿನ ನಡುಮನೆಯಲ್ಲಿ ಅವಳನ್ನು ಮಣೆಯ ಮೇಲೆ ಕೂರಿಸಿ ಹಸಿರು ಬಳೆ ತೊಡಿಸಿ ಹೂ ಮುಡಿಸಿದರು. ಕೋಟೆಯಿಂದ ಅವಳ ಅಪ್ಪ ಅವ್ವ ತಟ್ಟೆಗಳ ಸಮೇತ ಬಂದಿದ್ದರು. ನಮ್ಮ ಕಡೆ ಒಂದು ರೂಢಿಯಿದೆ. ಮನೆಯ ಹಿರಿಯಳು ಬಸುರಿಯನ್ನು ಎಲ್ಲರ ಮುಂದೆ, ನಿನಗೇನು ಬಯಕೆ ಎಂದು ಕೇಳಬೇಕು. ಅವಳು ಹೇಳಿದ್ದನ್ನು ಮನೆಯವರು ತೀರಿಸಲೇಬೇಕು. ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ. ಸಾಮಾನ್ಯವಾಗಿ ಕೇಳುವುದು ಮಾವಿನಕಾಯಿ, ಹುಣಸೆ, ಹೊಳೆ ಮೀನು. ನಮ್ಮ ಅವ್ವ ನಾನು ಹೊಟ್ಟೆಯಲ್ಲಿದ್ದಾಗ ಕೆ.ಆರ್.ನಗರದ ಬೆಣ್ಣೆ ಬಿಸ್ಕತ್ತು ಕೇಳಿದ್ದಳಂತೆ. ಅಜ್ಜಿ ಅಕ್ಷತೆ ಹಾಕಿ, ಗಂಟಲು ಸರಿಮಾಡಿಕೊಂಡು ಕೇಳಿದರು:

"ಯೇಳವ್ವ, ಏನು ಬಯಕೆ ನಿಂಗೆ?"

ಚಿಕ್ಕವ್ವ ತಲೆಯೆತ್ತಲಿಲ್ಲ. ಹೆಂಗಸರು ಕಿಸಕ್ಕನೆ ನಕ್ಕು ಹುಣಸೆಕಾಯಿ ಹೇಳು, ಕೋಳಿ ಸಾರು ಹೇಳು ಎಂದು ಕಿಚಾಯಿಸಿದರು. ಅಜ್ಜಿ ಮತ್ತೆ ಕೇಳಿದರು. ಈ ಸಲ ಅವಳ ಗಲ್ಲ ಹಿಡಿದು ಮುಖವನ್ನು ತಾತ ಕೂತಿದ್ದ ಕಡೆಗೆ ತಿರುಗಿಸಿ ಕೇಳಿದರು.

"ಪರೀಕ್ಷೆ ಬರೀಬೇಕು," ಅಂದಳು ಚಿಕ್ಕವ್ವ.

ನಗು ನಿಂತಿತು. ಅವಳ ಅಪ್ಪ ಕೆಮ್ಮಿದರು. ತಾತ ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡರು.

"ಇದೆಂಥ ಬಯಕೆ? ಪರೀಕ್ಷೆ ಅನ್ನೋದು ತಿನ್ನೋ ಪದಾರ್ತವಾ?"

"ನಿಮ್ಮ ದೊಡ್ಡ ಮಗ ವಟ್ಟೇಲಿದ್ದಾಗ ನಾನು ಗೋಡೆ ಮಣ್ಣು ಕೆರ್ಕಂಡು ತಿಂದೆ," ಅಂದರು ಅಜ್ಜಿ. "ಅದು ತಿನ್ನೋ ಪದಾರ್ತವಾ? ಆವಾಗ ನೀವು ಕೇಳ್ನಿಲ್ಲ. ವಸ ಮಣ್ಣು ಬೇಕು ಅಂದುದ್ಕೆ ಕೆರೆತಾವಿಂದ ನೀವೇ ತಂದ್ಕೊಟ್ರಿ. ಈಗ ಈ ಮಗಿನ ಕಿವಿ ಸೋರಿದ್ರೆ ಯಾರು ವರೆಸೋರು?"

ನೆಂಟರ ಮುಂದೆ, ಹೂ ಮುಡಿದು ಕೂತ ಸೊಸೆಯ ಬಯಕೆಯನ್ನು ಇಲ್ಲವೆನ್ನುವ ಎದೆ ತಾತನಿಗೂ ಇರಲಿಲ್ಲ. ಅವರು ಚಾವಣಿ ನೋಡಿದರು, ನೆಲ ನೋಡಿದರು, ಕೊನೆಗೆ ಚಿಕ್ಕಪ್ಪನನ್ನು ನೋಡಿದರು.

"ಬಸ್ಸು ಬ್ಯಾಡ ಕಣ್ಲಾ. ರೈಲಲ್ಲಿ ಕರ್ಕೊಂಡೋಗು. ಕುಲುಕಾಟ ಕಮ್ಮಿ."

ತವರಿಗೆ ಹೋಗುವುದು ಪರೀಕ್ಷೆಯ ಆಚೆಗೆ ಉಳಿಯಿತು. ನನ್ನ ಪರೀಕ್ಷೆ ಮುಂಚೆಯೇ ಮುಗಿದಿತ್ತು. ಹಾಗಾಗಿ ಕೆ.ಆರ್.ನಗರದಿಂದ ಮೈಸೂರಿಗೆ ಹೊರಟ ಗುಂಪಿನಲ್ಲಿ ನಾನೂ ಇದ್ದೆ. ರೈಲನ್ನು ದೂರದಿಂದ ಮಾತ್ರ ನೋಡಿದ್ದ ಅಜ್ಜಿಯೂ ಇದ್ದರು. ಪರೀಕ್ಷೆಯ ಕಟ್ಟಡದ ಮುಂದೊಂದು ಹೊಂಗೆ ಮರವಿತ್ತು. ಚಿಕ್ಕವ್ವ ಹೊಟ್ಟೆಯ ಮೇಲೆ ಒಂದು ಕೈಯಿಟ್ಟುಕೊಂಡು ಮೆಟ್ಟಿಲು ಹತ್ತಿ ಒಳಗೆ ಹೋದಳು. ಅಜ್ಜಿ ಮರದ ಕೆಳಗೆ ಬುತ್ತಿಯ ಗಂಟಿಟ್ಟುಕೊಂಡು ಕೂತರು. ಲೆಕ್ಕಶಾಸ್ತ್ರದ ದಿನವೂ ಅರ್ಥಶಾಸ್ತ್ರದ ದಿನವೂ ಅಲ್ಲೇ ಕೂತಿದ್ದರು. ಈ ಸಲ ಹೊರಗೆ ಕೂತದ್ದು ತಾನು ಎಂದು ಹೇಳಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಚಿಕ್ಕವ್ವ ಹೊರಬಂದಾಗ ಹೇಗೆ ಬರೆದೆ ಎಂದು ಕೇಳಲಿಲ್ಲ. ರೊಟ್ಟಿಯ ಮೇಲೆ ಹುಚ್ಚೆಳ್ಳು ಚಟ್ನಿ ಹಾಕಿ ಕೈಗಿಟ್ಟರು.

ಮಗು ಹುಟ್ಟಿತು, ಹೆಣ್ಣು. ಶ್ಯಾಮಲ ಎಂದು ಹೆಸರಿಟ್ಟರು. ಬಾಣಂತಿ ಕೋಟೆಯಿಂದ ವಾಪಸು ಬಂದ ಮೇಲೆ ಅಜ್ಜಿ ದಿನಾ ಬೆಳಿಗ್ಗೆ ಮಗುವನ್ನು ಹಿತ್ತಿಲ ಬಿಸಿಲಿಗೆ ಹಿಡಿದು ಎರಡು ಕಿವಿಯನ್ನೂ ಹಿಂದೆ ಮುಂದೆ ಮಾಡಿ ನೋಡುತ್ತಿದ್ದರು. ನಾನು ಮೈಸೂರಿಂದ ಫಲಿತಾಂಶ ತಿಳಿದುಕೊಂಡು ಬಂದು, ಚಿಕ್ಕವ್ವ ಪಾಸಾಗಿದ್ದಾಳೆ, ಅರ್ಥಶಾಸ್ತ್ರದಲ್ಲಿ ನನಗಿಂತ ಹೆಚ್ಚು ಬಂದಿದೆ ಎಂದು ಹೇಳಿದಾಗಲೂ ಅವರ ಕೈಯಲ್ಲಿ ಮಗುವಿನ ಕಿವಿಯಿತ್ತು.

"ನಂಗೆ ಗೊತ್ತಿತ್ತು," ಅಂದರು. "ಕಿವಿ ಒಣಗೇ ಅದೆ."

ನಾನು ಮುಂದೆ ಓದಿದೆ, ಕಾಲೇಜಿನಲ್ಲಿ ಇಡೀ ಆಯುಷ್ಯ ವಾಣಿಜ್ಯಶಾಸ್ತ್ರ ಪಾಠ ಹೇಳಿದೆ. ಚಿಕ್ಕವ್ವನ ಬಿ.ಕಾಂ. ಯಾವ ಕೆಲಸಕ್ಕೂ ಹೋಗಲಿಲ್ಲ. ಅವಳಿಗೆ ಅದರ ಕೊರಗಿತ್ತೇ ಎಂದು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ. ಅಜ್ಜಿ ತಾತ ಹೋದರು, ಮನೆ ಪಾಲಾಯಿತು, ಹಿತ್ತಿಲ ಜಗುಲಿ ಇದ್ದ ಜಾಗದಲ್ಲಿ ಈಗ ಟೈಲ್ಸು ಹಾಕಿದ ಬಚ್ಚಲಿದೆ. ಅಲ್ಲಿಗೆ ಹೋದಾಗಲೆಲ್ಲ ನುಗ್ಗೆ ಮರ ಎಲ್ಲಿತ್ತು ಎಂದು ಅಂದಾಜು ಮಾಡುತ್ತಾ ನಿಲ್ಲುತ್ತೇನೆ.

ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕವ್ವ ಹುಣಸೂರಿನಲ್ಲಿ ಶ್ಯಾಮಲಳ ಮನೆಯಲ್ಲಿದ್ದಾಳೆ. ಸಕ್ಕರೆ ಕಾಯಿಲೆ ಅವಳ ಎರಡು ಕಣ್ಣನ್ನೂ ತೆಗೆದುಕೊಂಡಿತು. ಕಳೆದ ತಿಂಗಳು ಹೋದಾಗ ಅವಳು ಮನೆಯ ಮುಂದಿನ ಜಗುಲಿಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದಳು. ನಾನು ಗೇಟು ತೆರೆಯುತ್ತಿದ್ದಂತೆಯೇ "ಸಾವಿತ್ರೀನಾ?" ಅಂದಳು. ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡಳು. ಮಗಳ ಬಗ್ಗೆ ದೂರೇನೂ ಇರಲಿಲ್ಲ, ಬಂಗಾರದಂಥವಳು ಅಂದಳು. ಆಮೇಲೆ ಹೇಳಿದಳು:

"ಒಲೆ ಹತ್ರ ಹೋಗ್ಬೇಡ ಅಂತಾಳೆ. ಚಾಕು ಮುಟ್ಬೇಡ ಅಂತಾಳೆ. ತಟ್ಟೆ ಇಲ್ಲಿಗೇ ತಂದು ಮಡಗ್ತಾಳೆ. ನಾನೀಗ ದಿನಾ ಹೊರಗೇ ಕಣೇ. ಓದಕ್ಕೆ ಕಣ್ಣಿಲ್ಲ."

ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅವಳಿಗೆ ಕಾಣಿಸುವುದಿಲ್ಲವೆಂದು ಸದ್ದಿಲ್ಲದೆ ಅತ್ತೆ. ಆಮೇಲೆ ಅಜ್ಜಿಯ ದನಿಯಲ್ಲಿ ಕೇಳಿದೆ, "ಯೇಳವ್ವ, ಏನು ಬಯಕೆ ನಿಂಗೆ?"

ಅವಳು ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿಯಲಿಲ್ಲ.

"ಓದು. ಕೇಳ್ತೀನಿ."

ಓದುವುದಕ್ಕೆ ಅಲ್ಲಿದ್ದದ್ದು ಆ ದಿನದ ಪೇಪರು. ಅದರ ಮಾರುಕಟ್ಟೆ ಪುಟ ತೆಗೆದು, ಸುತ್ತಮುತ್ತಲ ತಾಲ್ಲೂಕಿನಲ್ಲಿ ಶುಂಠಿಯ ಬೆಲೆ ಬಿದ್ದಿರುವ ಸುದ್ದಿಯನ್ನು ಗಟ್ಟಿಯಾಗಿ ಓದಿದೆ. ಅವಳು ಹೂಂ ಹೂಂ ಎನ್ನುತ್ತಿದ್ದಳು. ನಾನು ತಲೆಯೆತ್ತಿ ನೋಡಿದೆ, ನಿದ್ದೆ ಹೋಗಿರಲಿಲ್ಲ.

"ಯಾಕೆ?" ಅಂದಳು.

ಪೇಪರಿನಲ್ಲಿದ್ದ ಕಾರಣಗಳನ್ನು ಒಪ್ಪಿಸಿದೆ.

"ಅದು ಪೇಪರು ಹೇಳಿದ್ದು ಕಣೇ. ನೀನೇನು ಹೇಳ್ತೀಯ?"

ಮೂವತ್ತು ವರ್ಷ ಪಾಠ ಹೇಳಿದವಳು ನಾನು, ಉತ್ತರಕ್ಕೆ ತಡವರಿಸುತ್ತಾ ಕೂತೆ. ಅಷ್ಟರಲ್ಲಿ ಶ್ಯಾಮಲ ಎರಡು ತಟ್ಟೆ ಮುದ್ದೆ ಸಾರು ತಂದು ನಮ್ಮಿಬ್ಬರ ಮುಂದಿಟ್ಟು ಒಳಗೆ ಹೋದಳು.